ಬನ್ನಿಹಟ್ಟಿ ಸ್ಟೇಷನ್ನೂ ಯಲ್ಲಪ್ಪನ ಕಣ್ಣೂ

ತಮ್ಮನ ಮಗ ಈರಣ್ಣನಿಗೆ ಹೋದ ತಿಂಗಳು ರೈಲ್ವೆಯಲ್ಲಿ ಕೆಲಸದ ಆರ್ಡರ್ ಬಂತು. ಪೇಡೆ ತೆಗೆದುಕೊಂಡು ಹುಕ್ಕೇರಿಯ ನಮ್ಮ ಮನೆಗೆ ಬಂದು, ಕಾಲಿಗೆ ನಮಸ್ಕರಿಸಿ, ಎದುರಿಗೆ ಕೂತು ಕೇಳಿದ: "ದೊಡಪ್ಪಾ, ನೀವು ಇಷ್ಟ ವರ್ಷ ಮಾಡೀರಿ. ಕೆಲಸ ಹೆಂಗಿರತೈತ್ರಿ?"

"ಛಲೋ ಇರತೈತಿ. ಹೆದರಬ್ಯಾಡ" ಎಂದೆ.

ಅವನು ಹೋದ ಮೇಲೆ ನನ್ನ ಹೆಂಡತಿ ಪಾರವ್ವ ಅಡುಗೆಮನೆಯಿಂದ ಹೊರಗೆ ಬಂದಳು. "ಹುಡುಗನ ಮುಂದ ಖರೆ ಹೇಳಬೇಕಾಗಿತ್ತರಿ. ನೀವು ಎಷ್ಟ ವರ್ಷ ಅರ್ಧಾ ಊಟಕ್ಕ ಎದ್ದೀರಿ, ನಾ ನೋಡೀನಿ" ಎಂದಳು.

ಅವಳ ಮಾತು ಸರಿ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಸರ್ವಿಸ್ ಪುಸ್ತಕದಲ್ಲಿದೆ, ಅದನ್ನು ಯಾರೂ ಓದಬೇಕಾಗಿಲ್ಲ. ಈರಣ್ಣನಂಥವರು ತಿಳಿಯಬೇಕಾದದ್ದು ಬನ್ನಿಹಟ್ಟಿಯ ಸ್ಟೇಷನ್ನಿನಲ್ಲಿ ನಡೆದದ್ದು.

ಬನ್ನಿಹಟ್ಟಿ ಗೋಕಾಕ ಮತ್ತು ಹುಕ್ಕೇರಿ ತಾಲೂಕುಗಳ ನಡುವಿನ ಎರೆಭೂಮಿಯ ಊರು. ರೈಲು ಬರುವ ಮೊದಲು ಅಲ್ಲಿ ಹತ್ತಾರು ಮನೆ, ಒಂದು ಮಠ, ಮತ್ತು ಎಂಥ ಬೇಸಿಗೆಯಲ್ಲೂ ಬತ್ತದ ಒಂದು ಮೆಟ್ಟಿಲಬಾವಿ ಮಾತ್ರ ಇದ್ದವಂತೆ. ಹಳಿ ಹಾಕುವ ಎಂಜಿನಿಯರ್ ಸಾಹೇಬನಿಗೆ ಊರು ಬೇಕಾಗಿರಲಿಲ್ಲ, ಬಾವಿ ಬೇಕಾಗಿತ್ತು. ಎಂಜಿನ್ನಿಗೆ ನೀರು ಕುಡಿಸಲು ಅಲ್ಲೇ ನಿಲ್ಲಿಸಬೇಕೆಂದು ಅವನು ಗೂಟ ಹೊಡೆಸಿದ. ಹೊಗೆಯಿಂದ ಜೋಳದ ತೆನೆ ಕಪ್ಪಾಗುತ್ತದೆ, ಎಮ್ಮೆಗಳು ಹಾಲು ಕೊಡುವುದನ್ನೇ ಬಿಡುತ್ತವೆ ಎಂದು ಊರ ಹಿರಿಯರು ಅರ್ಜಿ ಬರೆಸಿದರು. ಯಾರೂ ಕೇಳಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ ಅದೇ ಹಿರಿಯರ ಮಕ್ಕಳು ಹಳೆಯ ಮನೆ ಬಿಟ್ಟು ಸ್ಟೇಷನ್ನಿನ ಬಾಜೂ ಮನೆ ಕಟ್ಟಿಕೊಂಡರು. ಮೂಡಲಗಿ ಕಡೆಯಿಂದ ಅರಳೆಯ ಗಾಡಿಗಳು, ಹುಕ್ಕೇರಿ ಕಡೆಯಿಂದ ಶೇಂಗಾದ ಗಾಡಿಗಳು ಬಂದು ಸಾಲುಗಟ್ಟಿ ನಿಲ್ಲತೊಡಗಿದವು. ಲಾಳ ಕಟ್ಟುವವರು ಬಂದರು, ಚಹಾದಂಗಡಿ ಬಂತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹಳೆಯ ಬನ್ನಿಹಟ್ಟಿಯಲ್ಲಿ ಮಠ ಮತ್ತು ಮುರಿದ ಗೋಡೆಗಳಷ್ಟೇ ಉಳಿದಿದ್ದವು.

ಯಲ್ಲಪ್ಪನ ಅಪ್ಪನ ಹೊಲ ಹಳಿಯ ಕೆಳಗೆ ಹೋಗಿತ್ತು. ಅದರ ಬದಲಿಗೆ ಎಂಬಂತೆ ಯಲ್ಲಪ್ಪನಿಗೆ ಪಾಯಿಂಟ್ಸ್‌ಮನ್ ಕೆಲಸ ಸಿಕ್ಕಿತ್ತು. ಪಾಯಿಂಟ್ಸ್‌ಮನ್ ಎಂದರೆ ಎರಡು ಹಳಿ ಕೂಡುವಲ್ಲಿ ನಿಂತು, ಹಿಡಿಕೆ ಎಳೆದು, ಗಾಡಿಯನ್ನು ಯಾವ ಹಳಿಗೆ ಕಳಿಸಬೇಕೋ ಆ ಹಳಿಗೆ ತಿರುಗಿಸುವವನು. ಹಳಿ ಸರಿಯಾಗಿದ್ದರೆ ಹಸಿರು ಬಾವುಟ, ಇಲ್ಲದಿದ್ದರೆ ಕೆಂಪು. ಅವನ ಕಣ್ಣು ಮತ್ತು ಕೈಯ ಮೇಲೆ ಇಡೀ ಗಾಡಿಯ ಜನರ ಜೀವ.

ನಾನು ತಾರು ಬಡಿಯುವ ಸಿಗ್ನಲರ್ ಆಗಿ ಅಲ್ಲಿಗೆ ಹೋದ ವರ್ಷವೇ ಪ್ಲೇಗು ಬಂತು. ಇಲಿ ಬಿದ್ದ ಸುದ್ದಿ ಕೇಳಿದ್ದೇ ತಡ, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಯಿತು. ಸ್ಟೇಷನ್ನಿಗೆ ಹಾಗೆ ಬೀಗ ಹಾಕುವಂತಿಲ್ಲ. ನಾನು, ಸ್ಟೇಷನ್ ಮಾಸ್ತರ್ ದಾಮೋದರರಾಯರು ಮತ್ತು ಯಲ್ಲಪ್ಪ ಮೂವರೇ ಉಳಿದೆವು. ಯಲ್ಲಪ್ಪನ ಹೆಂಡತಿ ಆ ವರ್ಷವೇ ತೀರಿಕೊಂಡಳು. ಮಣ್ಣು ಮಾಡಿ ಬಂದವನು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಮಧ್ಯಾಹ್ನದ ಗಾಡಿಗೆ ಬಾವುಟ ಹಿಡಿದು ನಿಂತ. ನಾನು ಹೆದರಿ, ಓಡಿಹೋಗುತ್ತೇನೆಂದು ಗಂಟು ಕಟ್ಟಿದ್ದೆ. ಅವನು ಎರಡು ರೊಟ್ಟಿ, ಉಳ್ಳಾಗಡ್ಡಿ ತಂದು ನನ್ನ ಮುಂದಿಟ್ಟು, "ತಾರಬಾಬು, ಮೊದಲ ಉಣ್ರಿ. ಓಡಿಹೋಗೂದ ಇದ್ರೂ ಹೊಟ್ಟಿ ತುಂಬಿರಬೇಕಲ್ರಿ" ಎಂದ. ಉಂಡೆ. ಓಡಿಹೋಗಲಿಲ್ಲ.

ದಾಮೋದರರಾಯರು ಕೆಲಸದಲ್ಲಿ ಬಹಳ ಚುರುಕು. ನನ್ನ ಮೇಲಧಿಕಾರಿಗಳಲ್ಲಿ ಅವರಿಂದ ಕಲಿತಷ್ಟು ಬೇರೆ ಯಾರಿಂದಲೂ ಕಲಿಯಲಿಲ್ಲ. ಆದರೆ ಅವರಿಂದ ಒಂದು ಕೆಟ್ಟ ಚಟವನ್ನೂ ಕಲಿತೆ. ಆಗಿನ ಪದ್ಧತಿ ಹೀಗಿತ್ತು: ಒಂದೇ ಹಳಿಯ ದಾರಿ. ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿಗೆ ತಾರು ಕಳಿಸಿ, "ದಾರಿ ಖಾಲಿ ಇದೆಯೇ?" ಎಂದು ಕೇಳಬೇಕು. "ಇದೆ" ಎಂಬ ಉತ್ತರದ ಜೊತೆಗೆ ಅವರು ಒಂದು ನಂಬರು ಕೊಡುತ್ತಾರೆ. ಆ ನಂಬರನ್ನು ಚೀಟಿಯಲ್ಲಿ ಬರೆದು, ಸಹಿ ಹಾಕಿ ಡ್ರೈವರನಿಗೆ ಕೊಡಬೇಕು. ಇದು ಲೈನ್ ಕ್ಲಿಯರ್ ಚೀಟಿ. ಇದಿಲ್ಲದೆ ಗಾಡಿ ಕದಲಬಾರದು. ಅರಳೆಯ ಹಂಗಾಮಿನಲ್ಲಿ ಗಾಡಿ ಹೆಚ್ಚಾದಾಗ ದಾಮೋದರರಾಯರು ಚೀಟಿಗಳನ್ನು ಮೊದಲೇ ಬರೆದು, ಸಹಿ ಹಾಕಿ ಇಟ್ಟುಕೊಳ್ಳುತ್ತಿದ್ದರು. ಉತ್ತರ ಬಂದ ಕೂಡಲೇ ನಂಬರು ತುಂಬಿದರೆ ಮುಗಿಯಿತು. ನಿಯಮದ ಪ್ರಕಾರ ಇದು ತಪ್ಪು. "ಎಲ್ಲಾರೂ ಹಿಂಗ ಮಾಡತಾರ" ಎನ್ನುತ್ತಿದ್ದರು. ಅವರು ಮಾಡಿದಾಗ ಏನೂ ಆಗಲಿಲ್ಲ.

ಅವರು ವರ್ಗವಾಗಿ ಹೋದ ಎಷ್ಟೋ ವರ್ಷಗಳ ಮೇಲೆ, ಬೇರೆ ಸ್ಟೇಷನ್ನುಗಳನ್ನು ಸುತ್ತಿ, ನಾನೇ ಬನ್ನಿಹಟ್ಟಿಗೆ ಮಾಸ್ತರನಾಗಿ ಬಂದೆ. ಯಲ್ಲಪ್ಪ ಅಲ್ಲೇ ಇದ್ದ. ಮೀಸೆ ಬೆಳ್ಳಗಾಗಿತ್ತು. ಬಂದ ಮೊದಲ ವಾರದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕೈ ಬೀಸಿದರೆ ಅವನು ತಿರುಗಿ ಬೀಸುತ್ತಿರಲಿಲ್ಲ. ಕೂಗಿದರೆ ಮಾತ್ರ ಓಡಿ ಬರುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟೆ.

"ಯಲ್ಲಪ್ಪಣ್ಣ, ಕಣ್ಣ ಕಾಣತಾವೋ ಇಲ್ಲೋ?"

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಸನೇದ್ದು ಛಲೋ ಕಾಣತೈತ್ರಿ. ದೂರದ್ದು ಮಂಜ ಮುಚ್ಚಿಧಂಗ ಆಗತೈತಿ. ಮಾಸ್ತರ್ರ, ಯಾರ ಮುಂದೂ ಆಡಬ್ಯಾಡ್ರಿ. ಮುಂದಿನ ವಾರ ಡಾಕ್ಟರ್ ಬರತಾರಂತ. ನನ್ನ ತಗದ್ರ ಕ್ವಾರ್ಟರ್ಸೂ ಹೋಗತೈತಿ. ಹೊಲ ಹಳಿ ಕೆಳಗೈತಿ. ಎಲ್ಲಿಗೆ ಹೋಗ್ಲಿ?"

ರೈಲ್ವೆ ಡಾಕ್ಟರ್ ಕೆಲವು ವರ್ಷಕ್ಕೊಮ್ಮೆ ಗಾಡಿಗೆ ಜೋಡಿಸಿದ ತನ್ನದೇ ಡಬ್ಬಿಯಲ್ಲಿ ಬಂದು ಎಲ್ಲರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಬಣ್ಣದ ಉಣ್ಣೆಯ ಎಳೆಗಳನ್ನು ಕೈಗೆ ಕೊಟ್ಟು ಕೆಂಪು, ಹಸಿರು ಆರಿಸಲು ಹೇಳುವುದು ಒಂದು ಪರೀಕ್ಷೆ. ಅದರಲ್ಲಿ ಯಲ್ಲಪ್ಪನಿಗೆ ತೊಂದರೆ ಇರಲಿಲ್ಲ. ದೂರ ನಿಲ್ಲಿಸಿ, ಒಂದು ರಟ್ಟನ್ನು ಎತ್ತಿ ಹಿಡಿದು, ಅದರಲ್ಲಿ ಎಷ್ಟು ಕಪ್ಪು ಚುಕ್ಕೆಗಳಿವೆ ಎಂದು ಕೇಳುವುದು ಎರಡನೆಯದು.

ಮುಂದೆ ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಡಾಕ್ಟರನ ಪಕ್ಕದಲ್ಲಿ ಕೂತು ರಿಜಿಸ್ಟರು ಬರೆಯುವವನು ನಾನೇ. ರಟ್ಟಿನ ಮೇಲೆ ನಾಲ್ಕು ಚುಕ್ಕೆ ಇದ್ದರೆ, ಬರೆಯುವ ಟಾಕಿನ ತುದಿಯ ಶಾಯಿ ಝಾಡಿಸುವವನ ಹಾಗೆ ಮಸಿಯ ದೌತಿಯ ಅಂಚಿಗೆ ನಾಲ್ಕು ಸಲ ಬಡಿದೆ. ಆರಿದ್ದರೆ ಆರು ಸಲ. ಮೊದಲೇ ಮಾತಾಡಿಕೊಂಡಿದ್ದೆವು. ವರ್ಷಗಟ್ಟಲೆ ತಾರಿನ ಸಪ್ಪಳದ ನಡುವೆ ಬದುಕಿದ ಯಲ್ಲಪ್ಪನಿಗೆ ಅಷ್ಟು ಕೇಳುವುದು ಕಷ್ಟವಾಗಲಿಲ್ಲ. ಡಾಕ್ಟರ್, "ಈ ವಯಸ್ಸಿಗೆ ಇಂಥಾ ಕಣ್ಣು!" ಎಂದು ಮೆಚ್ಚಿಕೊಂಡು ಸಹಿ ಹಾಕಿದ.

ಡಾಕ್ಟರನ ಡಬ್ಬಿ ತಿರುವು ದಾಟಿ ಮರೆಯಾಯಿತು. ಅಲ್ಲಿಯವರೆಗೆ ಇದು ಯಲ್ಲಪ್ಪನ ಕಣ್ಣು. ಅಂದಿನಿಂದ ನನ್ನ ಕಣ್ಣಾಯಿತು.

ಅಂದಿನಿಂದ ನಾನು ಪ್ರತಿ ಗಾಡಿಗೂ ಹಳಿ ನೋಡಲು ಹೋಗತೊಡಗಿದೆ. ಬನ್ನಿಹಟ್ಟಿಯಲ್ಲಿ ಎರಡು ಹಳಿ, ಎರಡೂ ತುದಿಗೆ ಅವು ಕೂಡುವ ಜಾಗ. ಯಲ್ಲಪ್ಪ ಹಿಡಿಕೆ ಎಳೆದು ಬಂದ ಮೇಲೆ ನಾನು ಬೇರೆ ಏನೋ ಕೆಲಸವಿರುವವನಂತೆ ಹೋಗಿ, ಬಗ್ಗಿ, ಹಳಿಗಳು ಅಂಟಿಕೊಂಡಿವೆಯೇ ಎಂದು ಕೈಯಿಟ್ಟು ನೋಡುತ್ತಿದ್ದೆ. ಎಲ್ಲ ಸಲವೂ ಸರಿಯಾಗಿರುತ್ತಿತ್ತು. ಆದರೂ ಅಂಜಿಕೆ ಕಡಿಮೆಯಾಗುತ್ತಿರಲಿಲ್ಲ. ಇವತ್ತು ಸರಿಯಿದೆ ಎಂದರೆ ನಾಳೆ ತಪ್ಪುವ ದಿನ ಇನ್ನಷ್ಟು ಹತ್ತಿರ ಬಂತು ಎನಿಸುತ್ತಿತ್ತು. ಉಣ್ಣಲು ಕೂತಾಗ ಎಂಜಿನ್ನಿನ ಸಿಳ್ಳು ಕೇಳಿದರೆ ತುತ್ತು ಕೆಳಗಿಡುತ್ತಿದ್ದೆ.

"ಯಲ್ಲಪ್ಪಣ್ಣ ಅದಾನಲ್ರಿ, ಅವ ನೋಡತಾನ, ಊಟಾ ಮಾಡ್ರಿ" ಎನ್ನುತ್ತಿದ್ದಳು ಪಾರವ್ವ. ಅವಳಿಗೆ ಏನೂ ಗೊತ್ತಿರಲಿಲ್ಲ.

ಅರಳೆಯ ಹಂಗಾಮು ಬಂತು. ಸ್ಟೇಷನ್ನಿನ ಹೊರಗೆ ಗಾಡಿಗಳ ಸಾಲು ಬಾವಿಯ ತನಕ ನಿಂತಿತ್ತು. ಒಂದು ಮಧ್ಯಾಹ್ನ ಮೇಲಿನ ಸ್ಟೇಷನ್ನಿನಿಂದ ಮಾಲುಗಾಡಿ ಬಂದು ನಮ್ಮ ಎರಡನೆಯ ಹಳಿಯಲ್ಲಿ ನಿಂತಿತು. ಕೆಳಗಿನ ಸ್ಟೇಷನ್ನಿನಿಂದ ಪ್ಯಾಸೆಂಜರ್ ಹೊರಟಿತ್ತು, ಅದು ಬಂದು ಮೊದಲ ಹಳಿಯಲ್ಲಿ ನಿಲ್ಲಬೇಕು. ಅದು ಬಂದ ನಂತರವೇ ಮಾಲುಗಾಡಿ ಕೆಳಗಿನ ಸ್ಟೇಷನ್ನಿನ ಕಡೆಗೆ ಹೋಗಬೇಕು. ದಿನವೂ ನಡೆಯುವ ಕೆಲಸ. ನಾನು ದಾಮೋದರರಾಯರ ಹಾಗೆ ಮಾಲುಗಾಡಿಯ ಚೀಟಿಯನ್ನು ಮೊದಲೇ ಬರೆದು, ಸಹಿ ಹಾಕಿ, ನಂಬರಿನ ಜಾಗ ಖಾಲಿ ಬಿಟ್ಟು ಟೇಬಲ್ಲಿನ ಮೇಲೆ ಇಟ್ಟೆ.

ಎರಡನೆಯ ಪಾಯಿಂಟ್ಸ್‌ಮನ್ ರಜೆಯಲ್ಲಿದ್ದ. ಎರಡೂ ತುದಿ ಯಲ್ಲಪ್ಪನೇ ನೋಡಬೇಕಿತ್ತು. ಮಾಲುಗಾಡಿ ಒಳಗೆ ಬಂದ ಮೇಲೆ ಅವನು ಪ್ಯಾಸೆಂಜರ್ ಆಮೇಲೆ ಹೊರಗೆ ಹೋಗಲೆಂದು ಮೇಲಿನ ತುದಿಯ ಹಳಿಯನ್ನು ತಿರುಗಿಸಿ, ಅದನ್ನು ಒಳಗೆ ತೆಗೆದುಕೊಳ್ಳಲು ಕೆಳಗಿನ ತುದಿಗೆ ಹೋದ. ಮೇಲಿನ ಹಳಿ ಸರಿಯಾಗಿ ಕೂಡಿದೆಯೋ ಇಲ್ಲವೋ ಎಂಬ ಚಿಂತೆ ನನ್ನನ್ನು ಕೂಡಲು ಬಿಡಲಿಲ್ಲ. ಆಫೀಸು ಬಿಟ್ಟು ಮೇಲಿನ ತುದಿಗೆ ನಡೆದೆ. ಬಗ್ಗಿ ಕೈಯಿಟ್ಟೆ. ಸರಿಯಾಗಿತ್ತು.

ಆಗ ಹಿಂದಿನಿಂದ ಮಾಲುಗಾಡಿ ಸಿಳ್ಳು ಹಾಕಿತು. ತಿರುಗಿ ನೋಡಿದರೆ ಕೊನೆಯ ಡಬ್ಬಿ ನನ್ನಿಂದ ದೂರ ಸರಿಯುತ್ತಿತ್ತು.

ಏನಾಯಿತು ಎಂದು ಆ ಕ್ಷಣವೇ ತಿಳಿಯಿತು. ನಾನಿಲ್ಲದಾಗ ಗಾರ್ಡ್ ಆಫೀಸಿಗೆ ಬಂದಿದ್ದಾನೆ. ತನ್ನ ಗಾಡಿಯ ಹೆಸರಿನ, ನನ್ನ ಸಹಿಯ ಚೀಟಿ ಟೇಬಲ್ಲಿನ ಮೇಲಿದೆ. ಖಾಲಿ ಜಾಗ ನೋಡದೆ ಒಯ್ದು ಡ್ರೈವರನಿಗೆ ಕೊಟ್ಟಿದ್ದಾನೆ. ಎದುರಿನಿಂದ ಅದೇ ಹಳಿಯ ಮೇಲೆ ಪ್ಯಾಸೆಂಜರ್ ಬರುತ್ತಿದೆ. ತಿರುವಿನ ಆಚೆ ಒಬ್ಬರಿಗೊಬ್ಬರು ಕಾಣುವುದೇ ಇಲ್ಲ.

ಓಡಿದೆ. ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಧೋತರ ಕಾಲಿಗೆ ತೊಡರಿ ಜಲ್ಲಿಯ ಮೇಲೆ ಬಿದ್ದೆ. ಎದ್ದು ನೋಡಿದಾಗ ಗಾಡಿ ನಿಂತಿತ್ತು.

ಮೊಣಕಾಲಿನಿಂದ ರಕ್ತ ಸೋರುತ್ತಿದ್ದ ಹಾಗೇ ಎಂಜಿನ್ನಿನ ಹತ್ತಿರ ಹೋದೆ. ಹಳಿಗಳ ನಟ್ಟ ನಡುವೆ ಯಲ್ಲಪ್ಪ ಎರಡೂ ಕೈಯಲ್ಲಿ ಕೆಂಪು ಬಾವುಟವನ್ನು ಅಗಲಿಸಿ ಹಿಡಿದು ನಿಂತಿದ್ದ. ಅವನಿಗೂ ಎಂಜಿನ್ನಿಗೂ ನಡುವೆ ಹತ್ತು ಹೆಜ್ಜೆ ಇತ್ತು. ಡ್ರೈವರ್ ಕೆಳಗಿಳಿದು ಅವನ ಮೈಮೇಲೆ ಹೋಗುತ್ತಿದ್ದ.

"ಸಾಯಾಕ ನಿಂತೀಯೇನೋ ಮುದುಕಾ? ಕಣ್ಣ ಕಾಣೂದಿಲ್ಲೇನು? ಚೀಟಿ ಕೈಯಾಗ ಐತಿ ನನ್ನ!"

ಯಲ್ಲಪ್ಪ ಜಾಗ ಬಿಡಲಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಹೊಗೆ ಕಂಡಿತು. ಪ್ಯಾಸೆಂಜರ್ ಬಂತು. ಬಾಜೂ ಹಳಿಯ ಮೇಲೆ ನಮ್ಮನ್ನು ಸವರಿಕೊಂಡು ಒಳಗೆ ಹೋಯಿತು. ಯಾವುದೋ ಮದುವೆಯ ದಿಬ್ಬಣ ಅದರಲ್ಲಿತ್ತು. ಬಾಸಿಂಗ ಕಟ್ಟಿಕೊಂಡ ಮದುಮಗ ಕಿಟಕಿಯಿಂದ ನಮ್ಮ ಜಗಳ ನೋಡುತ್ತ ನಗುತ್ತಿದ್ದ. ಡ್ರೈವರ್ ಕೈಯಲ್ಲಿದ್ದ ಚೀಟಿಯನ್ನೂ ಆ ಗಾಡಿಯನ್ನೂ ನೋಡಿ, ಎಂಜಿನ್ನಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಗಾರ್ಡ್ ಓಡಿ ಬಂದ. ಖಾಲಿ ಜಾಗವನ್ನು ಈಗ ನೋಡಿದ. ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದ: "ಮಾಸ್ತರ್ರ, ಚೀಟಿ ಹರದ ಒಗೀರಿ. ಯಾರಿಗೇನ ಆಗೇತಿ? ಪಾಯಿಂಟ್ಸ್‌ಮನ್ ಮುದುಕ, ಗಲಿಬಿಲಿಯಾಗಿ ಗಾಡಿ ನಿಲ್ಲಿಸಿದ ಅಂತ ಬರದ್ರ ಮುಗೀತು. ನಿಮ್ಮದೂ ಉಳಿತೈತಿ, ನಮ್ಮದೂ ಉಳಿತೈತಿ."

ಸುಳ್ಳು ಹೇಳುವುದಿಲ್ಲ: ಚೀಟಿ ನನ್ನ ಕೈಗೆ ಬಂದಿತ್ತು, ಅದನ್ನು ಮಡಚಿ ಕಿಸೆಯಲ್ಲಿಟ್ಟೆ. ಎರಡೂ ಗಾಡಿ ಹೋಗುವವರೆಗೆ ಅದು ಕಿಸೆಯಲ್ಲೇ ಇತ್ತು. ಪಾರವ್ವ, ಮನೆ, ಇಷ್ಟು ವರ್ಷದ ಕೆಲಸ ಎಲ್ಲ ಕಣ್ಣ ಮುಂದೆ ಬಂತು. ಆಮೇಲೆ ಗಾರ್ಡ್ ಹೇಳಿದಂತೆ ಬರೆದರೆ ಏನಾಗುತ್ತದೆಂದು ಯೋಚಿಸಿದೆ. ಕಾರಣವಿಲ್ಲದೆ ಗಾಡಿ ನಿಲ್ಲಿಸಿದ್ದಕ್ಕೆ ಯಲ್ಲಪ್ಪನನ್ನು ಕರೆಸುತ್ತಾರೆ, ಮತ್ತೆ ಕಣ್ಣು ನೋಡುತ್ತಾರೆ. ಅಷ್ಟೂ ಜನರನ್ನು ಉಳಿಸಿದವನು ಬೀದಿಗೆ ಬೀಳುತ್ತಾನೆ. ಸಂಜೆಯೊಳಗೆ ನಡೆದದ್ದನ್ನು ನಡೆದಂತೆ ಬರೆದು, ಚೀಟಿಯನ್ನು ಅದಕ್ಕೆ ಟಾಚಣಿಯಿಂದ ಚುಚ್ಚಿ ಸೇರಿಸಿ ಕಳಿಸಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಮಾಡಿದ ಕೆಲಸ ಯಾವುದೂ ನೆನಪಿಲ್ಲ. ನನ್ನ ತಪ್ಪು ಒಪ್ಪಿಕೊಳ್ಳುವ ಅಂಜಿಕೆ ಅದಲ್ಲ, ಅದನ್ನು ಆಗಲೇ ಬರೆದಾಗಿತ್ತು. ಅವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಅದಕ್ಕೆ ನಿಜ ಹೇಳಿದರೆ ಯಲ್ಲಪ್ಪನ ಕಣ್ಣಿನ ಗುಟ್ಟು ಹೊರಬೀಳುತ್ತದೆ ಎಂಬುದೇ ಅಂಜಿಕೆ.

ಅವರು ಕೇಳಿದರು. "ಪ್ಯಾಸೆಂಜರ್ ಬರೂ ಹೊತ್ತಿನ್ಯಾಗ ನೀವು ಆಫೀಸ್ ಬಿಟ್ಟು ಮ್ಯಾಲಿನ ತುದಿಗೆ ಯಾಕ ಹೋದ್ರಿ?"

ನಾನು ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲಿ ನಿಂತಿದ್ದ ಯಲ್ಲಪ್ಪ ಕರೆಯದೆಯೇ ಒಳಗೆ ಬಂದ. "ನನ್ನ ಸಲುವಾಗಿ ಹೋದ್ರು ಸಾಹೇಬ್ರ. ನನ್ನ ಕಣ್ಣ ಮಂದ ಆಗ್ಯಾವ. ನಾ ಹಳಿ ತಪ್ಪ ಹಾಕೇನಂತ ಅವರಿಗೆ ಅಂಜಿಕಿ."

"ಹಂಗಾದ್ರ ಗಾಡಿ ಹೆಂಗ ನಿಲ್ಲಿಸಿದಿ?"

"ಎದುರಿನ ಗಾಡಿ ಸಪ್ಪಳ ಹಳಿಯಾಗ ಕೇಳಸ್ತರಿ."

ಸಾಹೇಬರು ರಿಜಿಸ್ಟರು ತರಿಸಿದರು. ಅದರಲ್ಲಿ ಡಾಕ್ಟರನ ಸಹಿ ನೋಡಿದರು. ಅವರು ಕೇಳುವ ಮೊದಲೇ ದೌತಿಗೆ ಬಡಿದದ್ದನ್ನು ನಾನೇ ಹೇಳಿಬಿಟ್ಟೆ. ಹೇಳಿ ಮುಗಿಸಿದಾಗ ಎದೆಯ ಭಾರ ಇಳಿಯಿತು ಎಂದು ಕಥೆಗಳಲ್ಲಿ ಬರೆಯುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ನನ್ನನ್ನು ಹುದ್ದೆಯಿಂದ ಇಳಿಸಿ, ಮತ್ತೆ ಸಿಗ್ನಲರ್ ಮಾಡಿ ದೂರದ ಸ್ಟೇಷನ್ನಿಗೆ ಹಾಕಿದರು. ಕೆಲಸದಿಂದಲೇ ತೆಗೆಯಲಿಲ್ಲ, ಅದು ಸಾಹೇಬರ ದಯೆ. ಗಾರ್ಡನಿಗೂ ಶಿಕ್ಷೆಯಾಯಿತು. ಯಲ್ಲಪ್ಪನನ್ನು ಬಾವಿಯ ಪಂಪಿನ ಕೆಲಸಕ್ಕೆ ಹಾಕಿದರು. ಎಂಜಿನ್ನಿಗೆ ನೀರೆತ್ತಲು ದೂರದ ಕಣ್ಣು ಬೇಕಾಗಿರಲಿಲ್ಲ. ಕ್ವಾರ್ಟರ್ಸ್ ಉಳಿಯಿತು. ಹಳಿಗೆ ಕಿವಿಗೊಟ್ಟು ಗಾಡಿ ಉಳಿಸಿದವನೆಂದು ಸುತ್ತಲಿನ ಊರುಗಳಲ್ಲಿ ಅವನ ಹೆಸರಾಯಿತು. ಘೋಡಗೇರಿ, ಯಮಕನಮರಡಿಯಿಂದ ಬಂದ ಗಾಡಿಯವರು ಅವನನ್ನು ನೋಡಲೆಂದೇ ಪಂಪಿನ ಮನೆಗೆ ಹೋಗುತ್ತಿದ್ದರಂತೆ.

ನಾನು ಮರಳಿ ಮಾಸ್ತರನಾಗಿ ಬನ್ನಿಹಟ್ಟಿಗೆ ಬರುವಷ್ಟರಲ್ಲಿ ಕಾಲ ಬದಲಾಗಿತ್ತು. ಆಫೀಸಿನಲ್ಲಿ ಚೀಟಿಯ ಬದಲು ಕಬ್ಬಿಣದ ಯಂತ್ರ ಕೂತಿತ್ತು. ಮುಂದಿನ ಸ್ಟೇಷನ್ನಿನವರು ತಮ್ಮ ಕಡೆಯ ಯಂತ್ರದ ಗುಂಡಿ ಒತ್ತಿದರೆ ಮಾತ್ರ ನಮ್ಮ ಯಂತ್ರದಿಂದ ಚೆಂಡಿನಂಥ ಒಂದು ಲೋಹದ ಗುಂಡು ಹೊರಗೆ ಬೀಳುತ್ತದೆ. ಆ ಗುಂಡು ಕೈಗೆ ಬಂದರೇ ಡ್ರೈವರ್ ಗಾಡಿ ಬಿಡುವುದು. ಒಂದು ಗುಂಡು ಹೊರಗಿರುವಾಗ ಏನು ಮಾಡಿದರೂ ಎರಡನೆಯದು ಬರುವುದಿಲ್ಲ. ಮೊದಲ ದಿನ ಅದರ ಮುಂದೆ ನಿಂತು, ಇದೊಂದು ಹತ್ತು ವರ್ಷ ಮೊದಲು ಬಂದಿದ್ದರೆ ಎಂದುಕೊಂಡೆ. ಊರೂ ಬದಲಾಗಿತ್ತು. ಅರಳೆ ಮೋಟಾರು ಲಾರಿ ಹತ್ತತೊಡಗಿತ್ತು. ಹೊಸ ಎಂಜಿನ್ನುಗಳು ಹೆಚ್ಚು ನೀರು ಹೊತ್ತುಕೊಂಡು ನಿಲ್ಲದೆ ಹೋಗುತ್ತಿದ್ದವು. ಲಾಳ ಕಟ್ಟುವವರು ಹೊರಟುಹೋಗಿದ್ದರು. ಕೆಲಸ ಬಿಟ್ಟ ಯಲ್ಲಪ್ಪ ಮೂಡಲಗಿಯಲ್ಲಿ ತಂಗಿಯ ಮನೆಯಲ್ಲಿದ್ದ.

ಒಂದು ದಿನ ಬೆಳಗಿನ ಪ್ಯಾಸೆಂಜರಿನಿಂದ ಅವನೇ ಇಳಿದ. ಮಿರಜದ ದವಾಖಾನೆಯಲ್ಲಿ ಪೊರೆ ತೆಗೆಸಿಕೊಂಡು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದಿದ್ದ. ಅವನು ಅದೇ ಗಾಡಿಗೆ ಮುಂದೆ ಹೋಗುವವನು, ಆದರೆ ಅದು ಎದುರಿನ ಗಾಡಿಗಾಗಿ ಕಾಯಬೇಕಿತ್ತು. ಬೆಂಚಿನ ಮೇಲೆ ಕೂಡಿಸಿ ಚಹಾ ತರಿಸಿದೆ. ಅವನು ಹಳಿಗಳನ್ನು, ತಿರುವನ್ನು, ಸಿಗ್ನಲ್ ಕಂಬವನ್ನು ಒಂದೊಂದಾಗಿ ನೋಡಿದ.

"ಎಲ್ಲಾ ಕಾಣಾಕತ್ತೈತ್ರಿ ಮಾಸ್ತರ್ರ. ಅದಕ್ಕ ನಿಮ್ಮ ಮುಂದ ಒಂದ ಮಾತ ಹೇಳಿ ಹೋಗೂಣಂತ ಬಂದೆ."

"ಹೇಳು ಯಲ್ಲಪ್ಪಣ್ಣ."

"ಆವತ್ತು ನನಗ ಹಳಿಯಾಗ ಯಾವ ಸಪ್ಪಳಾನೂ ಕೇಳಿರಲಿಲ್ಲ. ಸಾಹೇಬ್ರ ಮುಂದ ಸುಳ್ಳ ಹೇಳಿದೆ."

ನಾನು ಬಟ್ಟಲು ಕೆಳಗಿಟ್ಟೆ. "ಮತ್ತ ಯಾಕ ನಿಲ್ಲಿಸಿದಿ?"

"ಕರ್ರಗ ಏನೋ ನನ್ನ ಕಡೆ ಬಂಧಂಗ ಆತು. ಮಾಲುಗಾಡಿ ಹೌದೋ ಅಲ್ಲೋ, ನಿಂತೈತೋ ನಡದೈತೋ, ಒಂದೂ ತಿಳೀಲಿಲ್ಲ. ಅಂಜಿಕಿ ಬಂತು, ನಿಂತಬಿಟ್ಟೆ. ಅಷ್ಟರಿ." ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. "ಕಣ್ಣ ಛಲೋ ಇದ್ದಿದ್ರ ಡ್ರೈವರನ ಕೈಯಾಗಿನ ಚೀಟಿ ಕಾಣತಿತ್ತು. ಚೀಟಿ ಕಂಡಿದ್ರ, ಮಾಸ್ತರು ಕೊಟ್ಟಾರ, ಪ್ಯಾಸೆಂಜರ್ ಆ ಕಡೆನ ನಿಂತಿರಬೇಕಂತ ತಿಳದು, ಬಾಜೂ ಸರದು ಹಸಿರ ತೋರಸತಿದ್ದೆ."

ಇಷ್ಟು ವರ್ಷ ನಾನು ಅವನ ಕಿವಿಯನ್ನು ನಂಬಿ ಸಮಾಧಾನ ಮಾಡಿಕೊಂಡಿದ್ದೆ. ನನ್ನ ತಪ್ಪನ್ನು ಒಬ್ಬ ಅನುಭವಸ್ಥನ ಜಾಣತನ ತಡೆಯಿತು ಎಂದುಕೊಂಡಿದ್ದೆ. ಜಾಣತನ ಅಲ್ಲಿರಲೇ ಇಲ್ಲ. ಆ ದಿಬ್ಬಣದ ಜನ ಉಳಿದದ್ದು ಒಬ್ಬ ಕಣ್ಣಿಲ್ಲದ ಮನುಷ್ಯನ ಅಂಜಿಕೆಯಿಂದ. ಅವನು ಅಂಜಿದರೂ ಬಾವುಟ ಬಿಟ್ಟು ಓಡಲಿಲ್ಲ, ಹಳಿಯ ಮೇಲೇ ನಿಂತ, ಅಷ್ಟೇ.

"ನನ್ನ ಮ್ಯಾಲೆ ಸಿಟ್ಟ ಬಂತೇನ್ರಿ?" ಎಂದು ಕೇಳಿದ.

"ಇಲ್ಲೋ ಯಪ್ಪಾ" ಎಂದೆ.

ಎದುರಿನ ಗಾಡಿ ಬಂದು ನಿಂತಿತು. ಯಲ್ಲಪ್ಪ ಎದ್ದು, ನನ್ನ ಎರಡೂ ಕೈ ಹಿಡಿದು, ತನ್ನ ಡಬ್ಬಿ ಹತ್ತಿದ. ನಾನು ಒಳಗೆ ಹೋಗಿ ಯಂತ್ರದಿಂದ ಗುಂಡು ತೆಗೆದೆ. ಅದರ ಮೇಲೆ ಕೆತ್ತಿದ ಸ್ಟೇಷನ್ನಿನ ಹೆಸರು ಓದಿದೆ. ಪ್ಲಾಟ್‌ಫಾರ್ಮಿಗೆ ಬಂದು ಬೆಳಕಿನಲ್ಲಿ ಮತ್ತೊಮ್ಮೆ ಓದಿದೆ. ಎಂಜಿನ್ನಿನ ಹತ್ತಿರ ಹೋಗಿ, ಡ್ರೈವರ್ ಕೈ ಚಾಚಿ ಕಾಯುತ್ತಿದ್ದರೂ, ಮೂರನೆಯ ಸಲ ಓದಿ, ಆಮೇಲೆ ಕೊಟ್ಟೆ.